ಮ್ಯಾಂಚೆಸ್ಟರ್ ಯುನೈಟೆಡ್ 15ನೇ ಸ್ಥಾನ (ಮೇ 2025): ತಪ್ಪು ಕೋಚ್ ಅಮೊರಿಮ್‌ದಾ, ಆಟಗಾರರನ್ನು ಕೊಳ್ಳುವವರದಾ?

ಉಣಕಲ್ ರೆಡ್
ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನ 2024-25ರ ಸೀಸನ್ ಮುಗಿಯಿತು. 38 ಮ್ಯಾಚ್, 18 ಸೋಲು, 42 ಪಾಯಿಂಟ್, 15ನೇ ಸ್ಥಾನ. ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್ ಎದುರು ಯುರೋಪಾ ಲೀಗ್ ಫೈನಲ್ ಕೂಡ ಕೈಬಿಟ್ಟಿತು. ಟಾಟನ್‌ಹ್ಯಾಮ್ ನಮಗಿಂತ ಕೆಳಗೆ 17ರಲ್ಲಿ ಇದ್ದ ತಂಡ. ಈ ವರ್ಷ ಅವರ ಜೊತೆ ನಾಲ್ಕು ಸಲ ಆಡಿದೆವು, ನಾಲ್ಕೂ ಸೋತೆವು. ಮುಂದಿನ ವರ್ಷ ಯುರೋಪಿನ ಯಾವ ಟೂರ್ನಿಯೂ ಇಲ್ಲ.

ಹುಬ್ಬಳ್ಳಿ-ಧಾರವಾಡದ ನಮ್ಮ ಹುಡುಗರ ನಡುವೆ ಫೈನಲ್ ಆದಾಗಿನಿಂದ ಒಂದೇ ಜಗಳ. ಅರ್ಧ ಜನ ಅಮೊರಿಮ್ ಹೋಗಲಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನವೆಂಬರ್‌ನಲ್ಲಿ, ಸೀಸನ್ ಶುರುವಾದ ಮೇಲೆ ಬಂದ ಮನುಷ್ಯ. ಬೇರೆ ಯಾರೋ ಬೇರೆ ಯಾವುದೋ ಆಟಕ್ಕೆ ಅಂತ ಕೊಂಡ ತಂಡ ಅವನ ಕೈಗೆ ಬಂತು. 2013ರಲ್ಲಿ ಫರ್ಗುಸನ್ ಹೋದ ಮೇಲೆ ಕೋಚ್ ಆಗಿ ಬಂದವರು ಮೋಯೆಸ್, ವಾನ್ ಗಾಲ್, ಮೊರಿನ್ಯೊ, ಸೋಲ್‌ಶಾರ್, ಟೆನ್ ಹಾಗ್. ಒಬ್ಬೊಬ್ಬರೂ ತಮ್ಮವರನ್ನು ತಂದರು. ಮುಂದೆ ಬಂದವರು ಅವರನ್ನು ಬದಿಗಿಟ್ಟು ಮತ್ತೆ ಕೊಂಡರು. ಕ್ಲಬ್ಬಿಗೆ ಅಂತ ಸ್ವಂತ ಯೋಚನೆ ಎಲ್ಲಿದೆ? ಅದು ಸರಿಯಾಗದೆ ಕೋಚ್ ಬದಲಿಸಿ ಏನು ಉಪಯೋಗ? ನಿಮ್ಮ ಅಭಿಪ್ರಾಯ ಹೇಳಿ.

ಕೇಶ್ವಾಪುರ ಕೀಪರ್
ಅಣ್ಣಾ, ಇಷ್ಟು ಪ್ರೀತಿ ಬೇಡ. ತಂಡಕ್ಕೆ ಅಮೊರಿಮ್‌ನ 3-4-3 (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು) ಆಡಲು ಬರುವುದಿಲ್ಲ ಅಂತ ಡಿಸೆಂಬರ್‌ನಲ್ಲೇ ಗೊತ್ತಾಯಿತು. ಆದರೂ ಬದಲಿಸಲಿಲ್ಲ. ಮೈದಾನದ ಅಂಚಿನಲ್ಲಿ ಹಿಂದೆ-ಮುಂದೆ ಓಡುವ ವಿಂಗ್‌ಬ್ಯಾಕ್ ಇಲ್ಲದೆ ವಿಂಗ್‌ಬ್ಯಾಕ್ ಆಟ ಆಡಿಸಿದರೆ ಹೀಗೇ ಆಗುತ್ತದೆ. ಇರುವ ಆಟಗಾರರನ್ನು ನೋಡಿ ಆಟ ಕಟ್ಟುವವನೇ ಕೋಚ್.

ಹಾವೇರಿ ಹುಡುಗ
ಕೀಪರ್ ಹೇಳಿದ್ದು ನೂರಕ್ಕೆ ನೂರು ಸರಿ.

ಗದಗ ಲೆಕ್ಕಿಗ
ನಾನು ಉಣಕಲ್ ಅಣ್ಣನ ಕಡೆ. ಈ ಪಟ್ಟಿ ನೋಡಿ. 2014ರಲ್ಲಿ ಡಿ ಮರಿಯಾಗೆ ಸುಮಾರು 60 ಮಿಲಿಯನ್ ಪೌಂಡ್ ಕೊಟ್ಟರು. ಒಂದೇ ವರ್ಷಕ್ಕೆ ಪ್ಯಾರಿಸ್‌ಗೆ ಹೋದ. 2016ರಲ್ಲಿ ಪೋಗ್ಬಾಗೆ 89 ಮಿಲಿಯನ್. 2022ರಲ್ಲಿ ಕರಾರು ಮುಗಿದು ಒಂದು ಪೈಸೆ ಬರದೆ ಹೋದ. 2021ರಲ್ಲಿ ಸಾಂಚೊಗೆ 73. 2022ರಲ್ಲಿ ಆಂಟನಿಗೆ 80ಕ್ಕಿಂತ ಜಾಸ್ತಿ. ಅದೇ ವರ್ಷ 30 ತುಂಬಿದ್ದ ಕಸೆಮಿರೊಗೆ ನಾಲ್ಕು ವರ್ಷದ ಕರಾರು. 2023ರಲ್ಲಿ ಮೌಂಟ್‌ಗೆ 55, ಹೊಯ್ಲುಂದ್‌ಗೆ 60ಕ್ಕಿಂತ ಜಾಸ್ತಿ. ಇದನ್ನೆಲ್ಲ ಅಮೊರಿಮ್ ಮಾಡಿದನಾ?

ಈ ಸೀಸನ್ ಲೀಗ್‌ನಲ್ಲಿ ಹೊಯ್ಲುಂದ್ 4 ಗೋಲು, ಜಿರ್ಕ್‌ಜೀ 3. ಇಬ್ಬರು ಸ್ಟ್ರೈಕರ್ ಸೇರಿ 7. ಯಾವ ಕೋಚ್ ಬಂದರೂ ಇದರಲ್ಲಿ ಗೆಲ್ಲುವುದು ಹೇಗೆ?

ರಾಣೇಬೆನ್ನೂರು ರೈಟ್ ವಿಂಗ್
ಹೊಯ್ಲುಂದ್‌ನನ್ನು ಬಯ್ಯಬೇಡಿ ಪ್ಲೀಸ್. ಹುಡುಗನಿಗೆ 22 ವರ್ಷ. ಅವನಿಗೆ ಬಾಲ್ ಕೊಡುವವರೇ ಇಲ್ಲ. ಮ್ಯಾಚ್ ಪೂರ್ತಿ ಒಬ್ಬನೇ ಓಡುತ್ತಾನೆ. ಅನುಭವ ಇರುವ ಒಬ್ಬ ಸ್ಟ್ರೈಕರ್ ಪಕ್ಕದಲ್ಲಿ ಇದ್ದಿದ್ದರೆ ಅವನು ಕಲಿಯುತ್ತಿದ್ದ. ಇಡೀ ಕ್ಲಬ್ಬಿನ ಗೋಲಿನ ಭಾರವನ್ನು ಅಷ್ಟು ಚಿಕ್ಕ ಹುಡುಗನ ಮೇಲೆ ಹೊರಿಸಿದ್ದು ಕೊಂಡವರ ತಪ್ಪು.

ವಿದ್ಯಾನಗರ ಗನ್ನರ್
ಆರ್ಸೆನಲ್ ಕಡೆಯಿಂದ ಒಂದು ಮಾತು, ಸಿಟ್ಟಾಗಬೇಡಿ. ಆರ್ಟೆಟಾ ಕೋಚ್ ಆಗಿ ಬಂದ ಮೇಲೆ ನಾವೂ ಎರಡು ಸೀಸನ್ 8ನೇ ಸ್ಥಾನದಲ್ಲಿ ಮುಗಿಸಿದೆವು. ಆಗ ಇಲ್ಲಿಯ ಎಲ್ಲರೂ ಅವನನ್ನು ತೆಗೆಯಿರಿ ಎಂದೇ ಹೇಳುತ್ತಿದ್ದರು, ನನ್ನ ತಮ್ಮ ಕೂಡ. ಕ್ಲಬ್ ತೆಗೆಯಲಿಲ್ಲ. ಆಮೇಲೆ 5, ಈಗ ಸತತ ಮೂರು ಸಲ 2ನೇ ಸ್ಥಾನ. ಲೀಗ್ ಇನ್ನೂ ಗೆದ್ದಿಲ್ಲ, ಆ ನೋವು ಇದೆ. ಆದರೆ ತಂಡಕ್ಕೆ ಒಂದು ಆಕಾರ ಬಂದಿದೆ. ಅಮೊರಿಮ್‌ಗೆ ಟೈಮ್ ಕೊಡಿ.

ಕೇಶ್ವಾಪುರ ಕೀಪರ್
ಆರ್ಟೆಟಾ 8ರಲ್ಲಿ ಇದ್ದಾಗಲೂ ಎಫ್‌ಎ ಕಪ್ ಗೆದ್ದಿದ್ದ ಗನ್ನರ್. 8 ಬೇರೆ, 15 ಬೇರೆ. ಜನವರಿಯಲ್ಲಿ ಬ್ರೈಟನ್ ವಿರುದ್ಧ ಸೋತ ಮೇಲೆ ಕೋಚ್ ಏನು ಹೇಳಿದ ನೆನಪಿದೆಯಾ? ಕ್ಲಬ್ಬಿನ ಚರಿತ್ರೆಯಲ್ಲೇ ಬಹುಶಃ ಇದು ತೀರಾ ಕೆಟ್ಟ ತಂಡ ಅಂತ. ಸ್ವಂತ ಹುಡುಗರ ಬಗ್ಗೆ ಕ್ಯಾಮೆರಾ ಮುಂದೆ ಹಾಗೆ ಹೇಳಿದರೆ ಅವರು ಮೈದಾನಕ್ಕೆ ಯಾವ ಧೈರ್ಯದಲ್ಲಿ ಇಳಿಯಬೇಕು?

ಉಣಕಲ್ ರೆಡ್
ಅವನು ಹೇಳಿದ್ದು ಸುಳ್ಳಾ? ನನಗೆ ಅವನ ಆ ನೇರ ಮಾತೇ ಇಷ್ಟ. ಹತ್ತು ವರ್ಷದಿಂದ ಎಲ್ಲರೂ "ಸರಿಹೋಗುತ್ತದೆ" ಎಂದೇ ಹೇಳಿದರು.

ಧಾರವಾಡ ಹಾಸ್ಟೆಲ್
ಟೆನ್ ಹಾಗ್ ಏನೂ ಗೆಲ್ಲದೆ ಎರಡು ವರ್ಷ ಕೂತಿದ್ದ. ಅವನಿಗೆ ಕೊಟ್ಟಷ್ಟು ಟೈಮ್ ಇವನಿಗೂ ಕೊಡಲಿ.

ಗದಗ ಲೆಕ್ಕಿಗ
ತಮ್ಮಾ, ಟೆನ್ ಹಾಗ್ ಎರಡು ಕಪ್ ಗೆದ್ದ. 2023ರಲ್ಲಿ ಲೀಗ್ ಕಪ್, 2024ರಲ್ಲಿ ಎಫ್‌ಎ ಕಪ್. ಅದೂ ಮ್ಯಾಂಚೆಸ್ಟರ್ ಸಿಟಿ ಎದುರು. ಅವನ ಮೇಲಿನ ದೂರು ಬೇರೆ. ಆಂಟನಿ, ಲಿಸಾಂಡ್ರೊ, ಒನಾನಾ, ಡಿ ಲಿಖ್ಟ್, ಮಜ್ರಾವಿ, ಎಲ್ಲರೂ ಅಯಾಕ್ಸ್‌ನಲ್ಲಿ ಅವನ ಕೈಕೆಳಗೆ ಆಡಿದವರು. ಇಷ್ಟು ದೊಡ್ಡ ಕ್ಲಬ್ ಜಗತ್ತನ್ನೆಲ್ಲ ಹುಡುಕುವುದು ಬಿಟ್ಟು ಕೋಚ್‌ನ ಹಳೆಯ ಪರಿಚಯದವರನ್ನೇ ಕೊಳ್ಳುತ್ತಾ ಕೂತಿತು. ಲಿಸಾಂಡ್ರೊ ಒಳ್ಳೆಯ ಆಟಗಾರ, ಮಜ್ರಾವಿ ಕೂಡ. ನನ್ನ ತಕರಾರು ಇರುವುದು ಆ ಪದ್ಧತಿಯ ಮೇಲೆ.

ಇನ್ನೊಂದು. 2024ರ ಜುಲೈನಲ್ಲಿ ಅವನ ಕರಾರು ಮುಂದುವರಿಸಿದರು. ಅವನು ಕೇಳಿದವರನ್ನು ಕೊಡಿಸಿದರು. ಅಕ್ಟೋಬರ್‌ನಲ್ಲಿ ತೆಗೆದರು! ಆಟಗಾರರನ್ನು ಆರಿಸಲು ಅಂತಲೇ ಡ್ಯಾನ್ ಆಶ್‌ವರ್ತ್‌ನನ್ನು ಜುಲೈನಲ್ಲಿ ತಂದರು. ಡಿಸೆಂಬರ್‌ನಲ್ಲಿ ಅವನೂ ಹೊರಗೆ. ಅಮೊರಿಮ್ ಹೋಗಲಿ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಬೆಟಗೇರಿ ಬ್ಯಾಕ್
ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಮ್ಯಾಕ್‌ಟಾಮಿನೆ ವಿಷಯಕ್ಕೆ. ಚಿಕ್ಕವನಿದ್ದಾಗಿನಿಂದ ನಮ್ಮ ಅಕಾಡೆಮಿಯಲ್ಲಿ ಬೆಳೆದವನು. ಹೋದ ವರ್ಷ ಸುಮಾರು 25 ಮಿಲಿಯನ್‌ಗೆ ನಾಪೊಲಿಗೆ ಮಾರಿದರು. ನಾವು ಬಿಲ್ಬಾವೊದಲ್ಲಿ ಸೋತು ಎರಡೇ ದಿನಕ್ಕೆ ಅವನು ಇಟಲಿಯ ಲೀಗ್ ಗೆದ್ದ. ಕೊನೆಯ ಮ್ಯಾಚ್‌ನಲ್ಲಿ ಕಾಲಿಯಾರಿ ವಿರುದ್ಧ ಗಾಳಿಯಲ್ಲಿ ಹಾರಿ ಹೊಡೆದ ಗೋಲು ನೋಡಿದ್ರಾ? ಇಡೀ ಲೀಗ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಅವನಿಗೇ ಬಂತು. ಇಲ್ಲಿ ಅವನನ್ನು ಎಲ್ಲಿ ಆಡಿಸಬೇಕು ಅಂತ ಏಳು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹಾವೇರಿ ಹುಡುಗ
ಮಾರಿದ್ದು ಯಾಕೆ ಅಂತಲೇ ನನಗೆ ಇನ್ನೂ ಅರ್ಥ ಆಗಿಲ್ಲ. ಅಷ್ಟು ದುಡ್ಡಿರುವ ಕ್ಲಬ್ಬಿಗೆ 25 ಮಿಲಿಯನ್ ಯಾವ ಲೆಕ್ಕ?

ಗದಗ ಲೆಕ್ಕಿಗ
ಅದು ಲೆಕ್ಕದ ಪುಸ್ತಕದ ಕಥೆ. ನನ್ನ ಕೆಲಸವೇ ಇದು, ಹೇಳುತ್ತೇನೆ. ಒಬ್ಬನನ್ನು 80 ಮಿಲಿಯನ್‌ಗೆ ಐದು ವರ್ಷದ ಕರಾರಿನ ಮೇಲೆ ಕೊಂಡರೆ ಪುಸ್ತಕದಲ್ಲಿ ವರ್ಷಕ್ಕೆ 16ರಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷ ಆದ ಮೇಲೆ ಅವನ ಬೆಲೆ ಪುಸ್ತಕದಲ್ಲಿ 48. ಅದಕ್ಕಿಂತ ಕಡಿಮೆಗೆ ಮಾರಿದರೆ ಆ ವರ್ಷವೇ ನಷ್ಟ ತೋರಿಸಬೇಕು. ಅದಕ್ಕೇ ಆಂಟನಿಯಂಥವರನ್ನು ಬೇಗ ಮಾರಲು ಆಗುವುದಿಲ್ಲ, ಬೇರೆ ಕ್ಲಬ್ಬಿಗೆ ಬಾಡಿಗೆಗೆ ಕಳಿಸುತ್ತಾರೆ. ಅಕಾಡೆಮಿ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಅವನನ್ನು ಮಾರಿದ್ದೆಲ್ಲ ಪೂರ್ತಿ ಲಾಭ.

ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷ ಸೇರಿ 105 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ನಷ್ಟ ಇರಬಾರದು ಅಂತ ಈ ಸೀಸನ್ (2024-25) ನಿಯಮ ಇದೆ. ಕೊಳ್ಳುವಾಗ ಕಣ್ಣುಮುಚ್ಚಿ ಕೊಂಡವರು ಆ ಲೆಕ್ಕ ಸರಿಮಾಡಲು ಮನೆಯ ಮಕ್ಕಳನ್ನು ಮಾರುತ್ತಾರೆ. ಈಗ ಮೈನೂ, ಗಾರ್ನಾಚೊ ಹೆಸರು ಪೇಪರ್‌ನಲ್ಲಿ ಬರುತ್ತಿರುವುದೂ ಇದಕ್ಕೇ.

ಬೆಟಗೇರಿ ಬ್ಯಾಕ್
ಮೈನೂನನ್ನು ಮಾರಿದರೆ ನಾನು ನೋಡುವುದನ್ನೇ ಬಿಡುತ್ತೇನೆ. ಯುರೋಪಾ ಲೀಗ್‌ನಲ್ಲಿ ಲಿಯೊನ್ ವಿರುದ್ಧ 120ನೇ ನಿಮಿಷದ ಗೋಲು ಯಾರದು?

ರಾಣೇಬೆನ್ನೂರು ರೈಟ್ ವಿಂಗ್
ಅಯ್ಯೋ ಆ ರಾತ್ರಿ! 2-4 ಹಿಂದಿದ್ದೆವು. ನಮ್ಮಲ್ಲಿ ಬೆಳಗಿನ ಜಾವ ಮೂರು ಗಂಟೆ. ಬ್ರೂನೊ ಪೆನಾಲ್ಟಿ, ಆಮೇಲೆ ಮೈನೂ, ಆಮೇಲೆ ಮ್ಯಾಗ್ವಾಯರ್ ತಲೆ ಕೊಟ್ಟ. 5-4. ನಾನು ಕೂಗಿದ ಸದ್ದಿಗೆ ಪಕ್ಕದ ಮನೆಯ ಕಾಕೂ ಎದ್ದು ಲೈಟ್ ಹಾಕಿದರು. ಈ ಇಡೀ ಸೀಸನ್‌ನಲ್ಲಿ ಇಟ್ಟುಕೊಳ್ಳುವಂಥದ್ದು ಅದೊಂದೇ ರಾತ್ರಿ.

ಮಾಳಮಡ್ಡಿ ಅಕ್ಕ
ಎಲ್ಲರೂ ಗಂಡಸರ ತಂಡದ ಬಗ್ಗೆಯೇ ಹೇಳುತ್ತಿದ್ದೀರಿ. ಕ್ಲಬ್ ಹೇಗೆ ನಡೆಯುತ್ತಿದೆ ಅಂತ ತಿಳಿಯಬೇಕಾದರೆ ಹೆಂಗಸರ ತಂಡವನ್ನೂ ನೋಡಿ. 2024ರ ಮೇನಲ್ಲಿ ಅವರು ಟಾಟನ್‌ಹ್ಯಾಮ್ ತಂಡವನ್ನು 4-0 ಸೋಲಿಸಿ ಎಫ್‌ಎ ಕಪ್ ಗೆದ್ದರು. ಅವರಿಗೆ ಸಿಕ್ಕಿದ್ದೇನು? ಕ್ಲಬ್ಬಿನ ತರಬೇತಿ ಜಾಗ ಕ್ಯಾರಿಂಗ್ಟನ್‌ನಲ್ಲಿ ಗಂಡಸರ ಕಟ್ಟಡದ ರಿಪೇರಿ ಅಂತ ಅವರ ಕಟ್ಟಡ ತೆಗೆದುಕೊಂಡು ಅವರನ್ನು ತಾತ್ಕಾಲಿಕ ಶೆಡ್‌ಗಳಿಗೆ ಕಳಿಸಿದರು. ಮೇರಿ ಅರ್ಪ್ಸ್‌ನಂಥ ಕೀಪರ್ ಕರಾರು ಮುಗಿದು ಪ್ಯಾರಿಸ್‌ಗೆ ಹೋದಳು. ಅಷ್ಟಾದರೂ ಹುಡುಗಿಯರು ಈ ವರ್ಷ ಲೀಗ್‌ನಲ್ಲಿ 3ನೇ ಸ್ಥಾನ, ಮತ್ತೆ ಎಫ್‌ಎ ಕಪ್ ಫೈನಲ್. ಕಡಿಮೆ ದುಡ್ಡಿನಲ್ಲಿ ಸರಿಯಾದವರನ್ನು ಆರಿಸಿದರೆ ಏನಾಗುತ್ತದೆ ಅಂತ ಅದೇ ಕ್ಲಬ್ಬಿನಲ್ಲಿ ಕಣ್ಣೆದುರಿಗೇ ಇದೆ.

ಉಣಕಲ್ ರೆಡ್
ಅಕ್ಕಾ, ಇದು ಮುಖ್ಯವಾದ ಮಾತು. ಹೆಂಗಸರ ತಂಡದ ಕೋಚ್ ಮಾರ್ಕ್ ಸ್ಕಿನ್ನರ್ 2021ರಿಂದ ಅಲ್ಲಿಯೇ ಇದ್ದಾರೆ. ಅವರನ್ನೂ ತೆಗೆಯಿರಿ ಅಂತ ಜನ ಕೂಗಿದ್ದರು. ಉಳಿಸಿಕೊಂಡರು.

ಕೇಶ್ವಾಪುರ ಕೀಪರ್
ಈಗ ಸ್ಕೋರ್ ನೋಡಿದ್ರಾ? ಅಮೊರಿಮ್‌ನ ತಂಡ ಮಲೇಷ್ಯಾದಲ್ಲಿ ಆಸಿಯಾನ್ ಆಲ್ ಸ್ಟಾರ್ಸ್ (ಆಗ್ನೇಯ ಏಷ್ಯಾದ ಆಟಗಾರರ ತಂಡ) ವಿರುದ್ಧ 1-0 ಸೋತಿತು. ಅಲ್ಲಿಯ ಜನ ಅಷ್ಟು ದುಡ್ಡು ಕೊಟ್ಟು ಬಂದು ಕೊನೆಗೆ ಹೋ ಎಂದು ಕೂಗಿದರು. ಇನ್ನೂ ಟೈಮ್ ಕೊಡಬೇಕಾ?

ವಿದ್ಯಾನಗರ ಗನ್ನರ್
ಅದು ದುಡ್ಡಿಗಾಗಿ ಇಟ್ಟ ಮ್ಯಾಚ್. ಲೀಗ್ ಮುಗಿದು ಮೂರು ದಿನಕ್ಕೆ ಅಷ್ಟು ದೂರ ಹಾರಿಸಿದ್ದಾರೆ. ಅದರಿಂದ ಕೋಚ್ ಅಳೆಯಬೇಡಿ.

ಕೇಶ್ವಾಪುರ ಕೀಪರ್
ಅಂಗಿಯ ಮೇಲೆ ಕ್ಲಬ್ಬಿನ ಗುರುತು ಇದ್ದ ಮೇಲೆ ಅದು ಮ್ಯಾಚೇ. ಅಲ್ಲಿ ಕೂತವರೂ ನಮ್ಮಂತೆ ದೂರದ ಅಭಿಮಾನಿಗಳು. ಹುಬ್ಬಳ್ಳಿಗೆ ಬಂದು ಹೀಗೆ ಆಡಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ?

ರೈಲ್ವೆ ಕಾಲೋನಿ ಕಾಕಾ
ಹುಡುಗರೆಲ್ಲ ಓದಿದೆ. ನನಗೆ ಈ ಕ್ಲಬ್ಬಿನ ಮೇಲೆ ಪ್ರೀತಿ ಹುಟ್ಟಿದ್ದು ಬೇರೆ ಕಾರಣಕ್ಕೆ. 1878ರಲ್ಲಿ ಇದನ್ನು ಕಟ್ಟಿದವರು ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರು. ಬೋಗಿ, ವ್ಯಾಗನ್ ಮಾಡುವ ಕಾರ್ಖಾನೆಯವರು. 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಹೆಸರಾಯಿತು. ನಾನು ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. ಪಾಳಿ ಮುಗಿದ ಮೇಲೆ ಎಣ್ಣೆ ಮೆತ್ತಿದ ಕೈಯಲ್ಲೇ ಮೈದಾನಕ್ಕೆ ಹೋಗಿ ಆಡುತ್ತಿದ್ದೆವು. ಹಾಗಾಗಿ ಆ ಕ್ಲಬ್ ನಮ್ಮವರದೇ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಆ ಕ್ಲಬ್ಬನ್ನು 2005ರಲ್ಲಿ ಗ್ಲೇಜರ್ ಮನೆಯವರು ಸಾಲ ಮಾಡಿ ಕೊಂಡರು. ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಅಲ್ಲಿಯವರೆಗೆ ಸಾಲವೇ ಇಲ್ಲದ ಕ್ಲಬ್ ಅಂದಿನಿಂದ ಬಡ್ಡಿ ಕಟ್ಟುತ್ತಿದೆ. ಹೋದ ವರ್ಷ ಉದ್ಯಮಿ ರಾಟ್‌ಕ್ಲಿಫ್ ಬಂದು ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡರು. ಬಂದವರು ಮೊದಲು ಮಾಡಿದ್ದೇನು? 250 ಜನರ ಕೆಲಸ ತೆಗೆದರು. ಈ ವರ್ಷ ಇನ್ನೂ 200 ಜನರವರೆಗೆ ಅಂದರು. ಕೆಲಸಗಾರರ ಮಧ್ಯಾಹ್ನದ ಊಟ ನಿಲ್ಲಿಸಿದರು. ಸೀಸನ್ ನಡುವೆ ಟಿಕೆಟ್ 66 ಪೌಂಡ್ ಮಾಡಿ ಮಕ್ಕಳಿಗೆ, ವಯಸ್ಸಾದವರಿಗೆ ಇದ್ದ ರಿಯಾಯಿತಿ ತೆಗೆದರು. ಆಂಟನಿಗೆ ಕೊಟ್ಟ ಒಬ್ಬನ ದುಡ್ಡಿನಲ್ಲಿ ಎಷ್ಟು ಜನ ಎಷ್ಟು ವರ್ಷ ಊಟ ಮಾಡಬಹುದಿತ್ತು? ಕೋಚ್ ಜಗಳ ಆಮೇಲೆ ಮಾಡಿ. ನನಗೆ ನೋವಾಗುವುದು ಇದಕ್ಕೆ.

ಬೆಟಗೇರಿ ಬ್ಯಾಕ್
ಕಾಕಾ, ನ್ಯೂಟನ್ ಹೀತ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಹಸಿರು-ಹಳದಿ ಮಫ್ಲರ್ ಹಾಕಿಕೊಂಡು ಗ್ಲೇಜರ್ ವಿರುದ್ಧ ಜನ ಕೂಗುತ್ತಾರಲ್ಲ, ಅದು ಆ ಹಳೆಯ ತಂಡದ ಬಣ್ಣವಾ?

ರೈಲ್ವೆ ಕಾಲೋನಿ ಕಾಕಾ
ಹೌದಪ್ಪ, ಅದೇ ಬಣ್ಣ. 2010ರಲ್ಲಿ ಅದು ಜೋರಾಗಿ ನಡೆಯಿತು. ಅದಕ್ಕೂ ಮೊದಲು 2005ರಲ್ಲೇ ಕೆಲವು ಅಭಿಮಾನಿಗಳು ಬೇಸತ್ತು ಎಫ್‌ಸಿ ಯುನೈಟೆಡ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಇವತ್ತಿಗೂ ಅದು ಸದಸ್ಯರ ಕೈಯಲ್ಲೇ ಇದೆ.

ನವನಗರ ನೀಲಿ
ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರಾಗಬೇಡಿ. ಮ್ಯಾಂಚೆಸ್ಟರ್‌ಗೆ ಇಷ್ಟು ಅಳುತ್ತೀರಿ. ಏಪ್ರಿಲ್ 12ರಂದು ನಮ್ಮ ಬೆಂಗಳೂರು ಎಫ್‌ಸಿ ಕೋಲ್ಕತ್ತಾದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಆಡಿತು. 1-0 ಮುಂದಿದ್ದು ಎಕ್ಸ್‌ಟ್ರಾ ಟೈಮ್‌ನಲ್ಲಿ 2-1 ಸೋತೆವು. ಅದರ ಬಗ್ಗೆ ಇಲ್ಲಿ ಯಾಕೆ ಒಬ್ಬರೂ ಮಾತಾಡುವುದಿಲ್ಲ? 40 ವರ್ಷದ ಛೆಟ್ರಿ ಈ ಸೀಸನ್ 14 ಗೋಲು ಹೊಡೆದಿದ್ದಾನೆ. ಅವನ ಜಾಗಕ್ಕೆ ಒಬ್ಬ ಭಾರತದ ಹುಡುಗನನ್ನು ತಯಾರು ಮಾಡಿಲ್ಲ. ಹೊರಗಿನಿಂದ ಬರುವವರು ಹೆಚ್ಚಾಗಿ ಮೂವತ್ತು ದಾಟಿದವರು. ಆಟಗಾರರನ್ನು ಆರಿಸುವ ಗೋಳು ನಮ್ಮಲ್ಲೂ ಇದೇ.

ಧಾರವಾಡ ಹಾಸ್ಟೆಲ್
ನೀಲಿ ಅಣ್ಣಾ, ಇಲ್ಲಿಂದ ಕಂಠೀರವಕ್ಕೆ ಹೋಗುವುದೇ ಕಷ್ಟ. ಮ್ಯಾಚ್ ಏಳೂವರೆಗೆ. ಮಧ್ಯಾಹ್ನದ ವಂದೇ ಭಾರತ್ ಹತ್ತಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಆಟ ಶುರುವಾಗಿರುತ್ತದೆ. ಬೆಳಿಗ್ಗೆಯೇ ಹೋದರೆ ಒಂದು ದಿನದ ಕ್ಲಾಸ್ ಹೋಯಿತು. ವಾಪಸ್ ಬರಲು ರಾತ್ರಿ ಬಸ್ಸೇ ಗತಿ.

ನವನಗರ ನೀಲಿ
ನಾನು ಹಾಗೇ ಹೋಗುತ್ತೇನೆ. ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿದ ಮೇಲೆ ಬಸ್ಸಿನ ನಿದ್ದೆಗೆಡುವುದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಸಲ ಬಾ. ಟಿಕೆಟ್ ನಾನು ತೆಗೆಸುತ್ತೇನೆ.

ಮಾಳಮಡ್ಡಿ ಅಕ್ಕ
2023ರಲ್ಲಿ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನಲ್ಲಿ, ಮೇಘಾಲಯ ವಿರುದ್ಧ 3-2. ಅದಕ್ಕೂ ಮೊದಲು ಗೆದ್ದದ್ದು ಮೈಸೂರು ಅಂತ ಆಡುತ್ತಿದ್ದ ಕಾಲದಲ್ಲಿ. ಅದಾದ ಮೇಲೂ ನಮ್ಮ ಕಡೆ ಏನು ಬದಲಾಯಿತು? ಹುಬ್ಬಳ್ಳಿಯ ರಾಜನಗರದಲ್ಲಿ ರಣಜಿ ಆಡುವಂಥ ಕ್ರಿಕೆಟ್ ಮೈದಾನ ಇದೆ, ಸಂತೋಷ. ಫುಟ್‌ಬಾಲ್ ಆಡುವ ಹುಡುಗಿಗೆ ಒಂದು ಒಳ್ಳೆಯ ಹುಲ್ಲಿನ ಮೈದಾನ ತೋರಿಸಿ ನೋಡೋಣ. ನನ್ನ ಮಗಳು ಮಳೆ ಬಂದರೆ ಕೆಸರಿನಲ್ಲಿ, ಬಿಸಿಲು ಬಂದರೆ ಕಲ್ಲಿನ ಮೇಲೆ ಆಡುತ್ತಾಳೆ. ಮೊಣಕಾಲಿನ ತುಂಬ ಗಾಯ.

ಹಾವೇರಿ ಹುಡುಗ
ನಾಳೆ ಆರ್‌ಸಿಬಿ ಕ್ವಾಲಿಫೈಯರ್ ಇದೆ, ಅದನ್ನೂ ನೆನಪಿಟ್ಟುಕೊಳ್ಳಿ. ನಿನ್ನೆ ಲಖನೌ ವಿರುದ್ಧ ಜಿತೇಶ್ ಹೊಡೆದದ್ದು ನೋಡಿ ಇನ್ನೂ ಖುಷಿ ಇಳಿದಿಲ್ಲ. ಈ ಸಲ ಹರಾಜಿನಲ್ಲಿ ದೊಡ್ಡ ಹೆಸರಿನ ಹಿಂದೆ ಹೋಗದೆ ಬೌಲರ್‌ಗಳನ್ನು ತೆಗೆದುಕೊಂಡರು. ಹೇಜಲ್‌ವುಡ್, ಭುವಿ, ಕೃಣಾಲ್. ಯುನೈಟೆಡ್ ಇದನ್ನಾದರೂ ನೋಡಿ ಕಲಿಯಲಿ.

ವಿದ್ಯಾನಗರ ಗನ್ನರ್
ಕಲಿಯುವುದಾದರೆ ಲಿವರ್‌ಪೂಲ್ ನೋಡಿ. ನನಗೆ ಅವರು ಕಂಡರಾಗುವುದಿಲ್ಲ, ಆದರೂ ಹೇಳುತ್ತೇನೆ. ಕೋಚ್ ಕ್ಲಾಪ್ ಹೋದರು, ಸ್ಲಾಟ್ ಬಂದರು. ಆ ಸೀಸನ್‌ಗೆ ಹೊಸದಾಗಿ ಬಂದು ಆಡಿದವನು ಕಿಯೇಸಾ ಒಬ್ಬನೇ, ಅವನೂ ಆಡಿದ್ದು ಕಡಿಮೆ. ಮೊದಲ ವರ್ಷವೇ ಲೀಗ್ ಗೆದ್ದರು. ಮೊದಲು ಎಂಥ ಆಟ ಆಡಬೇಕು ಅಂತ ಕ್ಲಬ್ ತೀರ್ಮಾನಿಸಿತು, ಆ ಆಟಕ್ಕೆ ಹೊಂದುವ ಕೋಚ್‌ನನ್ನು ಹುಡುಕಿತು. ನಿಮ್ಮಲ್ಲಿ ಕೋಚ್ ಬಂದ ಮೇಲೆ ಆಟ ಯಾವುದು ಅಂತ ಕೇಳುತ್ತಾರೆ.

ಉಣಕಲ್ ರೆಡ್
ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ!

ಕೇಶ್ವಾಪುರ ಕೀಪರ್
ಹಾಗಾದರೆ 3-4-3 ಆಡುವ ಆಟಗಾರರೇ ಇಲ್ಲದ ಕ್ಲಬ್ 3-4-3 ಬಿಟ್ಟು ಬೇರೇನೂ ಆಡಿಸದ ಕೋಚ್‌ನನ್ನು ತಂದದ್ದು ಯಾಕೆ? ನಿಮ್ಮ ವಾದದಲ್ಲೇ ಅವನು ಈ ಕ್ಲಬ್ಬಿಗೆ ಸರಿಯಾದವನಲ್ಲ ಅಂತ ಬರುತ್ತದೆ ಅಲ್ವಾ?

ಉಣಕಲ್ ರೆಡ್
ತಂದದ್ದು ಅವಸರದಲ್ಲಿ, ಅದು ನಿಜ. ಆದರೆ ಈಗ ತೆಗೆದರೆ ಬೇಸಿಗೆಯಲ್ಲಿ ಮತ್ತೊಬ್ಬ ಬಂದು ಮತ್ತೆ 200 ಮಿಲಿಯನ್ ಕೇಳುತ್ತಾನೆ. ಫರ್ಗುಸನ್ 1986ರ ನವೆಂಬರ್‌ನಲ್ಲಿ ಬಂದರು. ಮೊದಲ ಕಪ್ 1990ರಲ್ಲಿ, ಮೊದಲ ಲೀಗ್ 1993ರಲ್ಲಿ. ಅಷ್ಟು ವರ್ಷ ಕೊಡಿ ಎನ್ನುವುದಿಲ್ಲ. ಪೂರ್ತಿ ಒಂದು ಪ್ರೀ-ಸೀಸನ್ ಕೊಡಿ. ಯುರೋಪ್ ಇಲ್ಲ, ವಾರಕ್ಕೆ ಒಂದೇ ಮ್ಯಾಚ್, ಕಲಿಸಲು ಟೈಮ್ ಸಿಗುತ್ತದೆ. ಆಗಲೂ ಆಗದಿದ್ದರೆ ನಾನೇ ನಿನ್ನ ಜೊತೆ ನಿಲ್ಲುತ್ತೇನೆ.

ರಾಣೇಬೆನ್ನೂರು ರೈಟ್ ವಿಂಗ್
ಇವತ್ತು ರಾತ್ರಿ ಕಾನ್ಫರೆನ್ಸ್ ಲೀಗ್ ಫೈನಲ್ ನೋಡುವವರಿದ್ದೀರಾ? ಸ್ಪೇನ್‌ನ ಬೆಟಿಸ್‌ನಲ್ಲಿ ಆಂಟನಿ, ಚೆಲ್ಸಿಯಲ್ಲಿ ಸಾಂಚೊ. ಇಬ್ಬರೂ ನಾವು ಬಾಡಿಗೆಗೆ ಕಳಿಸಿದವರು. ಇಬ್ಬರ ಬೆಲೆ ಸೇರಿ 150 ಮಿಲಿಯನ್‌ಗಿಂತ ಜಾಸ್ತಿ. ಇಬ್ಬರಲ್ಲಿ ಒಬ್ಬ ಕಪ್ ಎತ್ತುತ್ತಾನೆ.

ಬೆಟಗೇರಿ ಬ್ಯಾಕ್
ಆಂಟನಿ ಅಲ್ಲಿ ಎಷ್ಟು ಖುಷಿಯಾಗಿ ಆಡುತ್ತಿದ್ದಾನೆ! ಸೆಮಿಫೈನಲ್ ಎರಡೂ ಮ್ಯಾಚ್‌ನಲ್ಲಿ ಫಿಯೊರೆಂಟಿನಾ ವಿರುದ್ಧ ಗೋಲು ಹೊಡೆದ. ಫಿಯೊರೆಂಟಿನಾದ ಕೀಪರ್ ಯಾರು? ನಮ್ಮಲ್ಲಿ ಮೊದಲು ಇದ್ದ ಡೇವಿಡ್ ಡಿ ಹೆಯಾ.

ಗದಗ ಲೆಕ್ಕಿಗ
ಬೆಳಿಗ್ಗೆ ಎದ್ದು ನೋಡಿದೆ. ಚೆಲ್ಸಿ 4-1. ಸಾಂಚೊ ಕೊನೆಗೆ ಇಳಿದು ಗೋಲು ಹೊಡೆದ. ಒಳ್ಳೆಯ ಗೋಲು.

ರಾಣೇಬೆನ್ನೂರು ರೈಟ್ ವಿಂಗ್
ಪೂರ್ತಿ ನೋಡಿದೆ. ಬೆಟಿಸ್ ಮೊದಲು ಗೋಲು ಹೊಡೆದಿತ್ತು. ಚೆಲ್ಸಿಯ ಪಾಲ್ಮರ್ ಎರಡು ಪಾಸ್‌ನಲ್ಲಿ ಆಟವನ್ನೇ ತಿರುಗಿಸಿದ. ಅಂಥ ಒಬ್ಬ ನಮ್ಮಲ್ಲಿ ಇಲ್ಲ.

ಕೇಶ್ವಾಪುರ ಕೀಪರ್
ಬ್ರೂನೊ ಇದ್ದಾನೆ. ಈ ಸೀಸನ್ ಎಲ್ಲ ಟೂರ್ನಿ ಸೇರಿ 19 ಗೋಲು. ಸೌದಿಯವರು ಅಷ್ಟು ದುಡ್ಡು ತೋರಿಸುತ್ತಿದ್ದಾರೆ ಅಂತ ಸುದ್ದಿ. ಅವನು ಹೋದರೆ ಈ ತಂಡ 15ರಲ್ಲೂ ಉಳಿಯುವುದಿಲ್ಲ. ಮೊದಲು ಅವನನ್ನು ಉಳಿಸಿಕೊಳ್ಳಲಿ.

ಹಾವೇರಿ ಹುಡುಗ
ವುಲ್ವ್ಸ್‌ನ ಕುನ್ಯಾ ಬರುತ್ತಾನಂತೆ, 62.5 ಮಿಲಿಯನ್. ನಿಮಗೆ ಒಪ್ಪಿಗೆಯಾ?

ಗದಗ ಲೆಕ್ಕಿಗ
ನನಗೆ ಒಪ್ಪಿಗೆ. ಇದೇ ಲೀಗ್‌ನಲ್ಲಿ ಈ ಸೀಸನ್ 15 ಗೋಲು ಹೊಡೆದವನು. ವಯಸ್ಸು 26. ಸ್ಟ್ರೈಕರ್ ಹಿಂದೆ ಇಬ್ಬರನ್ನು ಆಡಿಸುವುದು ಅಮೊರಿಮ್ ಆಟ. ಆ ಜಾಗಕ್ಕೆ ಸರಿಯಾಗಿ ಹೊಂದುತ್ತಾನೆ. ಹೆಸರು ನೋಡದೆ ಜಾಗ ನೋಡಿ ಕೊಂಡರೆ ನನ್ನ ತಕರಾರು ಇಲ್ಲ.

ಕೇಶ್ವಾಪುರ ಕೀಪರ್
ಆ ಜಾಗದಲ್ಲಿ ಬ್ರೂನೊ, ಅಮಾದ್, ಮೌಂಟ್ ಇದ್ದಾರಲ್ಲ? ಅಷ್ಟು ದುಡ್ಡಿದ್ದರೆ ಕೀಪರ್ ತನ್ನಿ. ಲಿಯೊನ್‌ನಲ್ಲಿ ಒನಾನಾ ಕೊಟ್ಟ ಎರಡೂ ಗೋಲು ಇನ್ನೂ ಕಣ್ಣ ಮುಂದಿವೆ.

ರೈಲ್ವೆ ಕಾಲೋನಿ ಕಾಕಾ
ಕೀಪರ್ ಬೇಕು, ಸ್ಟ್ರೈಕರೂ ಬೇಕು. ಇಡೀ ಸೀಸನ್‌ಗೆ 44 ಗೋಲು ಹೊಡೆದ ತಂಡ ಇದು. ಆದರೆ ಮೈನೂ, ಅಮಾದ್ ಇಬ್ಬರನ್ನು ಮಾರಿ ಆ ದುಡ್ಡಿನಲ್ಲಿ ಯಾರನ್ನೇ ತಂದರೂ ನಾನು ಒಪ್ಪುವುದಿಲ್ಲ.

ಉಣಕಲ್ ರೆಡ್
ಕಾಕಾ, ಅದರಲ್ಲಿ ನಾವೆಲ್ಲ ನಿಮ್ಮ ಕಡೆ. ಕೀಪರ್, ನಿನ್ನ ಪಟ್ಟಿ ಹಾಕು. ಮೂವರೇ ಮೂವರು, ಯಾವ ಜಾಗಕ್ಕೆ, ಯಾಕೆ ಅಂತ ಬರೆ. ನಾನೂ ಹಾಕುತ್ತೇನೆ.